ಗಿರಣಿ ಕಾರ್ಮಿಕರ ಮಾತಿರುವ ಹಳೇ ಕ್ಯಾಸೆಟ್‌ಗಳು: ಎಂಪಿ3 ಮಾಡಿಟ್ಟರೆ ಸಾಕಾ?

ನೂಲೆಳೆ:
ನಿವೃತ್ತ ಗಿರಣಿ ಕಾರ್ಮಿಕರ ಸಂದರ್ಶನಗಳು, 60 ನಿಮಿಷದ 40 ಕ್ಯಾಸೆಟ್. ಕೆಲವು ಕಂಬಳಿ ಹೊದ್ದು ಮಾತಾಡಿದ ಹಾಗೆ ಮಂದವಾಗಿ ಕೇಳಿಸುತ್ತವೆ. ಗೊರಗೊರ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ತೆಗೆದು, ಎಂಪಿ3 ಮಾಡಿ ಯೂಟ್ಯೂಬ್‌ಗೆ ಹಾಕಿದರೆ ಆಯ್ತಲ್ಲ?

ರೀಲುಗಾರ:
ಆಗಲಿಲ್ಲ. ಮೂಲಪ್ರತಿ ವೇವ್ (ಸದ್ದನ್ನು ಹಿಂಡದೆ ಇಡುವ ಕಡತ) ಆಗಿರಲಿ, 24 ಬಿಟ್, 48 ಕಿಲೋಹರ್ಟ್ಸ್. ಮೋನೋ, ಅಂದರೆ ಒಂದೇ ಚಾನೆಲ್ ಆದರೆ ಗಂಟೆಗೆ ಸುಮಾರು 520 ಎಂಬಿ, ಎಲ್ಲ ಸೇರಿ 21 ಜಿಬಿ ದಾಟುವುದಿಲ್ಲ. ಸದ್ದು ತೆಗೆಯುವ ಕೆಲಸವೆಲ್ಲ ನಕಲಿನ ಮೇಲೆ ಮಾತ್ರ. ಈಗ ಗೊರಗೊರ ಅನಿಸಿದ್ದು ಹಿಂದೆ ಓಡುತ್ತಿದ್ದ ಮಗ್ಗವೇ ಇರಬಹುದು!

ಮೊದಲು ಕ್ಯಾಸೆಟ್‌ನ ಮೇಲಂಚಿನ ಎರಡು ಪ್ಲಾಸ್ಟಿಕ್ ಕಿವಿ ಮುರಿಯಿರಿ, ಕೈತಪ್ಪಿ ರೆಕಾರ್ಡ್ ಒತ್ತಿದರೂ ಅಳಿಯದು. ಪ್ಲೇಯರ್‌ನಲ್ಲಿ ಟೇಪಿಗೆ ತಾಗಿ ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಕಡ್ಡಿಯಲ್ಲಿ ಒರೆಸಿ. ಆಮೇಲೂ ಮಂದವಿದ್ದರೆ ಪ್ಲೇಯರ್‌ನ ಡಾಲ್ಬಿ (ಟೇಪಿನ ಹಿಸ್ ಸದ್ದು ತಗ್ಗಿಸುವ ವ್ಯವಸ್ಥೆ) ಸ್ವಿಚ್ ನೋಡಿ: ಡಾಲ್ಬಿ ಇಲ್ಲದೆ ಮುದ್ರಿಸಿದ ಟೇಪನ್ನು ಅದು ಮಂಕಾಗಿಸುತ್ತದೆ. ಅದೂ ಸರಿಯಿದ್ದರೆ ಹೆಡ್ಡಿನ ಓರೆ ತಪ್ಪಿದೆ. ಪಕ್ಕದ ಪುಟ್ಟ ಸ್ಕ್ರೂವನ್ನು ಕೂದಲೆಳೆಯಷ್ಟೇ ತಿರುಗಿಸುತ್ತ 'ಸ', 'ಶ' ಚುರುಕಾಗಿ ಕೇಳುವಲ್ಲಿ ನಿಲ್ಲಿಸಿ. ಮುದ್ರಿಸಿದ ಯಂತ್ರ ಬೇರೆಬೇರೆ ಇದ್ದರೆ ಪ್ರತಿ ಕ್ಯಾಸೆಟ್‌ಗೂ ಇದನ್ನೇ ಮಾಡಬೇಕು. ಕಂಪ್ಯೂಟರಿಗೆ ಇಳಿಸುವಾಗ ಸದ್ದಿನ ಮಟ್ಟದ ಶಿಖರ ಮೈನಸ್ 6 ಡೆಸಿಬಲ್ ಮೀರದಿರಲಿ.

ಕಡತಮನೆ:
ಯೂಟ್ಯೂಬ್ ಆಮೇಲೆ. ಅಂದು ಟೇಪಿನ ಮುಂದೆ ಮಾತಾಡಲು ಒಪ್ಪಿದವರು ನೆಟ್‌ಗೆ ಹಾಕಲು ಒಪ್ಪಿರಲಿಲ್ಲ. ಅವರನ್ನು, ತೀರಿಹೋಗಿದ್ದರೆ ಮನೆಯವರನ್ನು ಕೂರಿಸಿ ಕೇಳಿಸಿ, ಆಮೇಲೆ ಸಹಿ ಪಡೆಯಿರಿ: ಪೂರ್ತಿ ಮುಕ್ತವೋ, ಹೆಸರು ಮರೆಸಿಯೋ, ಇಂತಿಷ್ಟು ವರ್ಷ ಮುಚ್ಚಿಟ್ಟೋ. ಯಾವ ಮೇಸ್ತ್ರಿ ಲಂಚ ತಿಂದ, ಮುಷ್ಕರದ ದಿನ ಯಾರು ಗೇಟು ದಾಟಿ ಒಳಗೆ ಹೋದರು ಎಂಬಂಥ ಮಾತು ಬಂದರೆ ಸಾರ್ವಜನಿಕ ಪ್ರತಿಯಲ್ಲಿ ಆ ಹೆಸರನ್ನಷ್ಟೇ ಮೌನ ಮಾಡಿ; ಮೂಲಕ್ಕೆ ಕೈ ಹಚ್ಚಬೇಡಿ.

ಎರಡು ಗಂಟೆಯ ಆಡಿಯೊವನ್ನು ಯಾರೂ ಕೂತು ಕೇಳುವುದಿಲ್ಲ. ಮೂರ್ನಾಲ್ಕು ನಿಮಿಷಕ್ಕೊಂದು ಸಾಲು ಬರೆಯಿರಿ: '12:40, ಬಾಬಿನ್ ಬದಲಿಸುವುದು, ಕಿವಿಮಂದ'. ಓಎಚ್‌ಎಂಎಸ್ ಎಂಬ ಉಚಿತ ಸಾಧನ ಈ ಸಾಲನ್ನು ಆಡಿಯೊದ ಆ ಕ್ಷಣಕ್ಕೇ ಜೋಡಿಸುತ್ತದೆ. ಯಂತ್ರ ಬರೆದುಕೊಡುವ ಪಠ್ಯವನ್ನು ನೆಚ್ಚಬೇಡಿ, ಕಸುಬಿನ ಮಾತುಗಳಲ್ಲೇ ಅದು ಎಡವುವುದು. ಪ್ರತಿಗಳು ಮೂರು, ಮಾಧ್ಯಮ ಎರಡು ಬಗೆಯದು, ಒಂದು ಪ್ರತಿ ಬೇರೆ ಕಟ್ಟಡದಲ್ಲಿ. ಜೊತೆಗೆ ಪ್ರತಿ ಕಡತದ ಎಸ್‌ಎಚ್‌ಎ-256 ಚೆಕ್‌ಸಮ್ (ಕಡತ ಕೆಟ್ಟಿದೆಯೇ, ಬದಲಾಗಿದೆಯೇ ಎಂದು ಹೇಳುವ ಬೆರಳಚ್ಚಿನಂಥ ಸಂಕೇತ) ಬರೆದಿಡಿ. ವಾಟ್ಸಾಪ್‌ನಲ್ಲಿ ಹಂಚಿಕೊಂಡದ್ದು ಪ್ರತಿಯ ಲೆಕ್ಕಕ್ಕಿಲ್ಲ.

ನೂಲೆಳೆ:
ಒಂದು ಕ್ಯಾಸೆಟ್ ಕಿರ್‌ಗುಟ್ಟಿ ನಿಂತುಬಿಡುತ್ತೆ. ಫಾಸ್ಟ್ ಫಾರ್ವರ್ಡ್ ಮಾಡಲಾ?

ರೀಲುಗಾರ:
ಈಗಲೇ ಬೇಡ, ಟೇಪು ಹರಿದೀತು. ಪೆನ್ಸಿಲ್ ತೂರಿಸಿ ಕೈಯಲ್ಲಿ ತಿರುಗಿಸಿ ನೋಡಿ. ಬಿಗಿಯಿದ್ದರೆ ಸ್ಕ್ರೂ ಇರುವ ಖಾಲಿ ಕವಚಕ್ಕೆ ಎರಡೂ ಸುರುಳಿ ಬದಲಿಸಿ. ಟೇಪಿನ ಹಿಂದೆ ಕೂರುವ ಪುಟ್ಟ ಫೆಲ್ಟ್ ತುಂಡು ಜಾಗದಲ್ಲಿದೆಯೇ ಅಂತಲೂ ನೋಡಿಕೊಳ್ಳಿ.