ಅಪ್‌ಡೇಟ್: ಅಮ್ಮನ ಜೊತೆ ಕ್ಯೋಟೋ ಮತ್ತು ಸಗಾನೊ ರೈಲು

ಕ್ಯೋಟೋ ನಗರ, ಸಗಾನೊ ಕಣಿವೆ ರೈಲು ಎರಡನ್ನೂ ಗೈಡ್ ಜೊತೆ ಒಂದೇ ದಿನದಲ್ಲಿ ನೋಡೋದು ಅಮ್ಮನಿಗೆ ಕಷ್ಟವಾಗುತ್ತಾ ಅಂತ ಕೇಳಿದ್ದೆ. ಹೋಗಿ ಬಂದೆವು, ಏನೂ ಕಷ್ಟವಿಲ್ಲ.

ನಿಜೊ ಕೋಟೆಯ ಅರಮನೆಯೊಳಗೆ ಹೋಗಲು ಚಪ್ಪಲಿ ಬಿಡಬೇಕು. ಹೆಜ್ಜೆ ಇಟ್ಟರೆ ಸಾಕು, ಮರದ ನೆಲ ಹಕ್ಕಿ ತರ ಚಿಂವ್ ಚಿಂವ್ ಅನ್ನುತ್ತದೆ. ಅಮ್ಮ ಬೇಕಂತಲೇ ಹಿಂದೆ ಮುಂದೆ ಓಡಾಡಿದರು! 1867ರಲ್ಲಿ ಕೊನೆಯ ಶೋಗನ್ (ಆಗ ಜಪಾನನ್ನು ಆಳುತ್ತಿದ್ದ ಸೇನಾ ಮುಖ್ಯಸ್ಥ) ಅಧಿಕಾರ ಬಿಟ್ಟುಕೊಡುವ ವಿಷಯ ತಿಳಿಸಿದ್ದು ಇಲ್ಲೇ.

ರೈಲು 7.3 ಕಿ.ಮೀ., ಸುಮಾರು 25 ನಿಮಿಷ ಅಷ್ಟೇ. ಕಮ್ಮಿ ಅನ್ನಿಸಿತು ನಿಜ. ಐದನೇ ಬೋಗಿಗೆ ಕಿಟಕಿ ಗಾಜೇ ಇಲ್ಲ, ಸ್ವೆಟರ್ ಇರಲಿ. ಯಾವ ಕಡೆ ಸೀಟು ಅಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಸೇತುವೆ ದಾಟಿದ ಮೇಲೆ ಹೊಜು ನದಿ ಇನ್ನೊಂದು ಪಕ್ಕಕ್ಕೆ ಬರುತ್ತದೆ. ಜನವರಿ, ಫೆಬ್ರವರಿಯಲ್ಲಿ ಮಾತ್ರ ಪ್ಲಾನ್ ಮಾಡಬೇಡಿ, ಆಗ ಈ ರೈಲು ಓಡುವುದಿಲ್ಲ.