ಸಹಾಯ ಬೇಕು: 25 ಸಾವಿರದೊಳಗೆ ದೊಡ್ಡ 4ಕೆ ಮಾನಿಟರ್

ನಮಸ್ಕಾರ ಎಲ್ಲರಿಗೂ. ಮೈಸೂರಿನಲ್ಲಿ ಮನೆಯಿಂದಲೇ ಕನ್ನಡ ಪುಸ್ತಕಗಳ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಜೋಡಿಸುವ) ಕೆಲಸ ಮಾಡುತ್ತೇನೆ. ಈಗಿರುವುದು 24 ಇಂಚಿನ ಹಳೇ ಫುಲ್ ಎಚ್‌ಡಿ ಮಾನಿಟರ್. ಎರಡು ಪುಟ ಪಕ್ಕಪಕ್ಕ ಇಟ್ಟರೆ ಒತ್ತಕ್ಷರಗಳೆಲ್ಲ ಕಲಸಿಕೊಂಡ ಹಾಗೆ ಕಾಣುತ್ತವೆ. ಹೋದ ತಿಂಗಳು ‘ಧನ’ ಇರಬೇಕಾದ ಕಡೆ ‘ದನ’ ಅಂತ ಅಚ್ಚಾಗಿ ಹೋಯಿತು, ‘ಧ’ದ ಕೆಳಗಿನ ಆ ಚಿಕ್ಕ ಸೀಳು ಇದೆಯೋ ಇಲ್ಲವೋ ಪರದೆಯಲ್ಲಿ ಗೊತ್ತೇ ಆಗಲಿಲ್ಲ, ಲೇಖಕರು ಏನೂ ಅನ್ನಲಿಲ್ಲ, ಆದರೆ ನನಗೆ ತುಂಬಾ ಬೇಜಾರಾಯಿತು.

ಬಜೆಟ್ 25 ಸಾವಿರ. 27 ಇಂಚಿನ 4ಕೆಯಲ್ಲಿ ಇಂಚಿಗೆ ಸುಮಾರು 163 ಪಿಕ್ಸೆಲ್, ಅದೇ ಅಳತೆಯ ಫುಲ್ ಎಚ್‌ಡಿಯಲ್ಲಿ ಬರೀ 82, ಹಾಗಾಗಿ ಸುಮ್ನೆ ದೊಡ್ಡದು ತಗೊಂಡರೆ ಪ್ರಯೋಜನವಿಲ್ಲ ಅಲ್ವಾ? ಗೇಮ್ ಆಡುವುದಿಲ್ಲ, 60 ಹರ್ಟ್ಸ್ (ಸೆಕೆಂಡಿಗೆ 60 ಸಲ ಚಿತ್ರ ಬದಲಾಗುವುದು) ಸಾಕು. ಐಪಿಎಸ್ ಪ್ಯಾನೆಲ್ (ಓರೆಯಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಪರದೆ) ಬೇಕೇ ಬೇಕು.

32 ಇಂಚಿನ 4ಕೆ ಬಳಸುತ್ತಿರುವವರು ಇದ್ದೀರಾ? ಅದರಲ್ಲಿ ಇಂಚಿಗೆ 138 ಪಿಕ್ಸೆಲ್ ಆಗುತ್ತದೆ, ದಿನಕ್ಕೆ ಎಂಟು ಗಂಟೆ ಕರಡು ತಿದ್ದುವುದಕ್ಕೆ ಕಣ್ಣಿಗೆ ಯಾವುದು ಹಿತ? ಇನ್ನೊಂದು ತೊಡಕು, ನನ್ನ ಲ್ಯಾಪ್‌ಟಾಪಿನಲ್ಲಿ ಇರುವುದು ಎಚ್‌ಡಿಎಂಐ 1.4 (ಮಾನಿಟರ್ ಜೋಡಿಸುವ ಪೋರ್ಟಿನ ಹಳೇ ಆವೃತ್ತಿ). ಅದರಲ್ಲಿ 4ಕೆ 30 ಹರ್ಟ್ಸ್ ಮಾತ್ರ ಬರುತ್ತದೆ, ಮೌಸ್ ಎಳೆದಾಡಿದ ಹಾಗೆ ಆಗುತ್ತದಂತೆ. ಟೈಪ್-ಸಿ ಪೋರ್ಟ್ ಇದೆ, ಅದರಿಂದ ಚಿತ್ರ ಬರುತ್ತದೋ ಇಲ್ಲವೋ ಮಾನಿಟರ್ ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?

ಬೆಂಗಳೂರಿನ ಎಸ್‌ಪಿ ರೋಡಿಗೆ ಬಂದು ಕಣ್ಣಾರೆ ನೋಡಿ ತಗೊಳ್ಳಲೂ ತಯಾರಿದ್ದೇನೆ. ಕನ್ನಡ ಪಠ್ಯ ತೆರೆದಿಟ್ಟ ನಿಮ್ಮ ಪರದೆಯ ಒಂದು ಫೋಟೋ ಹಾಕಿದರೆ ತುಂಬಾ ಉಪಕಾರ.