ಬೇಟೆಯ ‘ಕ್ವಾರಿ’ಗೂ ಕಲ್ಲು ಕ್ವಾರಿಗೂ ಏನು ನಂಟು?

ದುರ್ಗದ ಓದುಗ:
ಹಳೆಯ ಇಂಗ್ಲಿಷ್ ಬೇಟೆ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಯಿಗಳು ‘ಕ್ವಾರಿ’ಯನ್ನು ಮುತ್ತಿದವು ಅಂತ ಬರುತ್ತದೆ. ಚಿತ್ರದುರ್ಗದ ಕಡೆ ಕ್ವಾರಿ ಅಂದರೆ ಕಲ್ಲು ತೆಗೆಯುವ ಜಾಗ. ಒಂದೇ ಪದವೇ? ಕನ್ನಡದಲ್ಲಿ ಏನು ಹಾಕಲಿ?

ಪದಮೂಲ, ದಾವಣಗೆರೆ:
ಒಂದೇ ಅಲ್ಲ ಸರ್. ಎರಡೂ ಫ್ರೆಂಚಿನಿಂದ ಬಂದವು, ಬೇರು ಬೇರೆ ಬೇರೆ. ಇಂಗ್ಲಿಷಿಗೆ ಬಂದ ಮೇಲೆ ಕಾಗುಣಿತ ಒಂದಾಯಿತು. ಕಲ್ಲಿನದು ಲ್ಯಾಟಿನ್ನಿನ ‘ಕ್ವಾಡ್ರುಸ್’, ಅಂದರೆ ಚೌಕ. ಕಲ್ಲನ್ನು ಚೌಕ ಮಾಡುವ ಜಾಗ ಎಂದರ್ಥ. ನಮ್ಮ ಸೈಜುಗಲ್ಲು ನೆನೆಸಿಕೊಳ್ಳಿ, ತಟ್ಟನೆ ಹಿಡಿಯುತ್ತದೆ.

ಬೇಟೆಯದು ಹಳೆಯ ಫ್ರೆಂಚಿನ ‘ಕ್ವಿರೇ’. ಮೊದಲಿಗೆ ಅದು ಪ್ರಾಣಿಯ ಹೆಸರಲ್ಲ, ಬೇಟೆನಾಯಿಗಳಿಗೆ ಸಲ್ಲುವ ಪಾಲಿನ ಹೆಸರು. ಜಿಂಕೆಯನ್ನು ಸುಲಿದು ಚರ್ಮ ನೆಲಕ್ಕೆ ಹಾಸುತ್ತಿದ್ದರು. ಕರುಳು, ಹೊಟ್ಟೆ ತೊಳೆದು ಕೊಚ್ಚಿ, ರಕ್ತದಲ್ಲಿ ಕಲಸಿದ ಬ್ರೆಡ್ಡಿನ ಚೂರುಗಳ ಜೊತೆ ಆ ಚರ್ಮದ ಮೇಲೆ ಸುರಿಯುತ್ತಿದ್ದರು. ಅಲ್ಲಿಯವರೆಗೂ ನಾಯಿಗಳನ್ನು ತಡೆದು ನಿಲ್ಲಿಸಿ, ಕೊಂಬು ಊದಿದ ಮೇಲೆಯೇ ಬಿಡುವುದು. ಓಟದ ಕೊನೆಗೆ ತನ್ನ ಪಾಲು ಇದೆ ಎಂದು ಗೊತ್ತಾದ ನಾಯಿ ಮುಂದಿನ ಸಲ ಜಾಡು ಬಿಡುವುದಿಲ್ಲ. ತಡೆಯದೆ ಬಿಟ್ಟರೆ ಒಳ್ಳೆಯ ಮಾಂಸವನ್ನೇ ಹರಿದು ಹಾಕುತ್ತದೆ. ‘ಕ್ವೀರ್’ ಅಂದರೆ ಚರ್ಮ, ಹೆಸರು ಅಲ್ಲಿಂದ.

ಕೋಶಪ್ರಿಯ:
ಚಿಕ್ಕ ತಿದ್ದುಪಡಿ. ಚರ್ಮ ಆಮೇಲೆ ಸೇರಿದ್ದು. ಮೊದಲಿದ್ದದ್ದು ಒಳಾಂಗ ಎನ್ನುವ ‘ಕೊರೇ’, ಲ್ಯಾಟಿನ್ನಿನ ‘ಕೋರ್’ನಿಂದ, ಅಂದರೆ ಹೃದಯ. ಚರ್ಮದ ಮೇಲೆ ಬಡಿಸುತ್ತಿದ್ದರಿಂದ ‘ಕ್ವೀರ್’ನ ನೆರಳು ಬಿದ್ದು ಪದದ ರೂಪ ಬದಲಾಯಿತು. ಫ್ರೆಂಚ್ ಬೇಟೆಗಾರರು ಜಿಂಕೆಯ ಚರ್ಮಕ್ಕೆ ‘ನಾಪ್’ ಎನ್ನುತ್ತಾರೆ. ಮೇಜಿನ ಹಾಸುಬಟ್ಟೆಗೂ ಅದೇ ಹೆಸರು!

ಇಂಗ್ಲಿಷಿನಲ್ಲಿ ಅರ್ಥ ಜಾರುತ್ತಾ ಹೋಯಿತು: ನಾಯಿಯ ಪಾಲು, ಆಮೇಲೆ ಕೊಂದ ಜಿಂಕೆಗಳ ರಾಶಿ, ಗಿಡುಗ ಎರಗುವ ಹಕ್ಕಿ, 17ನೇ ಶತಮಾನದ ಹೊತ್ತಿಗೆ ಬೇಟೆಯಲ್ಲಿ ನಾವು ಅಟ್ಟಿಸಿಕೊಂಡು ಹೋಗುವ ಯಾವುದೇ ಪ್ರಾಣಿ. ಅನುವಾದ ಎಡವುವುದು ಇಲ್ಲೇ. ಆ ಸಾಲಿನಲ್ಲಿ ಪ್ರಾಣಿ ಓಡುತ್ತಿದೆಯೋ, ಸತ್ತು ಬಿದ್ದಿದೆಯೋ ಮೊದಲು ನೋಡಿ. ಬಿದ್ದಿದ್ದರೆ, ಅದೂ ಹಲವು ಬಿದ್ದಿದ್ದರೆ, ‘ರಾಶಿ’ ಎಂದೇ ಬರೆಯಬೇಕು.

ಓಡುವ ಪ್ರಾಣಿಗೆ ‘ಮಿಕ’ಕ್ಕಿಂತ ಒಳ್ಳೆಯ ಪದವಿಲ್ಲ. ಮೃಗ, ಮಿಗ, ಮಿಕ. ‘ಮಿಕ ಬಲೆಗೆ ಬಿತ್ತು’ ಅಂತ ಈಗಲೂ ಆಡುತ್ತೇವಲ್ಲ. ‘ಬೇಟೆ’ ಹಾಕಿದರೆ ಕೆಲಸವೋ ಪ್ರಾಣಿಯೋ ತಿಳಿಯುವುದಿಲ್ಲ. ‘ಬಲಿ’ ಅಂದರೆ ಓದುಗನ ಮನಸ್ಸು ಮಾರಿಗುಡಿಗೆ ಹೋಗುತ್ತದೆ.

ದುರ್ಗದ ಓದುಗ:
ನಾಯಿಗಳು ಇನ್ನೂ ಬೊಗಳುತ್ತಿವೆ, ಪ್ರಾಣಿ ಪೊದೆಯಲ್ಲಿ ನಿಂತಿದೆ. ಹಾಗಾದರೆ ‘ನಾಯಿಗಳು ಮಿಕವನ್ನು ಮುತ್ತಿದವು’.

ಪದಮೂಲ, ದಾವಣಗೆರೆ:
ಸರಿಯಾಗಿದೆ. ಮುಂದೆ ಫ್ರೆಂಚ್ ಪಠ್ಯದಲ್ಲೇ ‘ಕ್ಯುರೇ’ (ಹಳೆಯ ‘ಕ್ವಿರೇ’ಯ ಈಗಿನ ರೂಪ) ಸಿಕ್ಕರೆ ಮಾತ್ರ ಮಿಕ ಹಾಕಬೇಡಿ. ಅಲ್ಲಿ ಇವತ್ತಿಗೂ ಅದು ನಾಯಿಗಳ ಪಾಲೇ. ಅಲಂಕಾರವಾಗಿ ಬಂದರೆ ಆಸ್ತಿಗೋ ಅಧಿಕಾರಕ್ಕೋ ಜನ ಮುಗಿಬೀಳುವುದು.